ಪರದೆಯ ಹಿಂದೆ ಒಂದು ಮೂಗು

ನಮ್ಮ ಮನೆಯಲ್ಲಿ ನನ್ನ ಸೆಲ್ಲೊಗೆ, ಕೂತು ಕಾಲುಗಳ ನಡುವೆ ನಿಲ್ಲಿಸಿ ನುಡಿಸುವ ಆಳೆತ್ತರದ ಪಿಟೀಲಿಗೆ, ದೊಡ್ಡಪ್ಪ ಎಂದು ಹೆಸರು. ಇಟ್ಟವರು ನಮ್ಮತ್ತೆ. ನಾನು ಮದುವೆಯಾಗಿ ಬಂದ ಹೊಸತು. ಹಾಲಿನಲ್ಲಿ ಒಂದು ಒಳ್ಳೆಯ ಮೂಲೆ ಅದಕ್ಕೆ ಬೇಕು, ಬಿಸಿಲು ಬೀಳಬಾರದು, ಒಲೆಯ ಶಾಖ ತಾಗಬಾರದು, ಯಾರೂ ಎಡವಬಾರದು ಎಂದೆಲ್ಲ ಹೇಳುತ್ತಿದ್ದೆ. ಅತ್ತೆ ಕೊನೆಯವರೆಗೂ ಕೇಳಿ, "ಅಂದ್ರೆ ಏನೂ ಕೆಲಸ ಮಾಡ್ದೆ ಮೂಲೇಲಿ ಕೂತು, ಬಂದು ಹೋಗೋರಿಂದೆಲ್ಲ ಮರ್ಯಾದೆ ತಗೊಳ್ಳೋ ದೊಡ್ಡಪ್ಪ ಒಬ್ರು ಮನೆಗೆ ಬಂದ ಹಾಗಾಯ್ತು" ಎಂದರು. ಹೆಸರು ನಿಂತುಬಿಟ್ಟಿತು. ಕಾರಿನಲ್ಲಿ ಮುಂದಿನ ಸೀಟು ದೊಡ್ಡಪ್ಪನಿಗೆ, ಬೆಲ್ಟು ಹಾಕಿ. ಅತ್ತೆ ಹಿಂದೆ, ನನ್ನ ಮಗಳ ಪಕ್ಕ. ಈ ಒಂದು ವಿಷಯದಲ್ಲಿ ಅವರು ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಆದರೆ "ಏನೂ ಕೆಲಸ ಮಾಡ್ದೆ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದೊಡ್ಡಪ್ಪನೂ ನಾನೂ ಸೇರಿ ಮಾಡದ ಕೆಲಸವಿಲ್ಲ. ಮದುವೆಗಳಲ್ಲಿ ನುಡಿಸಿದ್ದೇವೆ, ಮದುಮಗಳ ಜಡೆ ಮುಗಿಯದೆ ಅವಳು ಬಾಗಿಲಿಗೆ ಬರುವುದು ತಡವಾದಾಗ ಒಂದೇ ಸಾಲನ್ನು ಅರೆದಿದ್ದೂ ಅರೆದಿದ್ದೇ, ಕೊನೆಗೆ ಮದುಮಗನ ಅಜ್ಜ ಎದ್ದು ಬಂದು "ಬೇರೆ ಬರಲ್ವಾ ನಿಮಗೆ?" ಎಂದು ಕೇಳಿದರು. ಸಾವಿನ ಮನೆಗಳಲ್ಲಿ ನುಡಿಸಿದ್ದೇವೆ. ಬಿಸ್ಕತ್ತಿನ ಜಾಹೀರಾತಿನಲ್ಲಿ ಬಿಸ್ಕತ್ತು ಹಾಲಿಗೆ ಬೀಳುವಾಗ ಬರುವ ಮೂರು ಸ್ವರ ನಮ್ಮದು. ದೆವ್ವದ ಸಿನಿಮಾ ಒಂದರಲ್ಲಿ ತಾನಾಗಿಯೇ ತೆರೆದುಕೊಳ್ಳುವ ಬಾಗಿಲೂ ನಾವೇ. ಪ್ರವಾಸಿಗಳ ಹಡಗಿನಲ್ಲಿ ಒಂದು ಇಡೀ ಬೇಸಿಗೆ, ಅಲೆ ಬಂದಾಗ ಜಾರಿ ಹೋಗದಂತೆ ಸೆಲ್ಲೊವನ್ನು ಕುರ್ಚಿಯ ಕಾಲಿಗೆ ಕಟ್ಟಿ ನುಡಿಸಿದ್ದೇನೆ. ಕುರ್ಚಿಯೇ ಜಾರಿದಾಗ ಮೂವರೂ ಒಟ್ಟಿಗೆ ಹೋಗಿ ಅಡುಗೆಮನೆಯ ಬಾಗಿಲಿಗೆ ತಾಗಿ ನಿಂತೆವು.

ಒಮ್ಮೆ ಹಾಲಿನ ಕಂಪನಿಯವರು ಕರೆದರು. ಸಂಗೀತ ಕೇಳಿದರೆ ಹಸು ಹೆಚ್ಚು ಹಾಲು ಕೊಡುತ್ತದೋ ಎಂದು ನೋಡಬೇಕಂತೆ. ಕೋಣನ ಮುಂದೆ ಕಿನ್ನರಿ ಬಾರಿಸುವುದು ಎಂದು ಗಾದೆಯಲ್ಲಿ ಕೇಳಿದ್ದೆ, ಕೊಟ್ಟಿಗೆಯಲ್ಲಿ ಕೂತು ಮಾಡಿಯೂ ಬಿಟ್ಟೆ. ಹಾಲು ಹೆಚ್ಚಾಯಿತೋ ಇಲ್ಲವೋ ಯಾರೂ ಹೇಳಲಿಲ್ಲ. ಒಂದು ಹಸು ಮಾತ್ರ ಸ್ವರ ಬರೆದ ಹಾಳೆಯ ಎರಡನೇ ಪುಟವನ್ನು ತಿಂದಿತು. ನನ್ನ ಸಂಗೀತವನ್ನು ಅಷ್ಟು ಆಸೆಯಿಂದ ಒಳಗೆ ತೆಗೆದುಕೊಂಡ ಶ್ರೋತೃ ಮತ್ತೆ ಸಿಗಲಿಲ್ಲ.

ಇವೆಲ್ಲ ಅಡ್ಡದಾರಿ. ನನ್ನ ಮುಖ್ಯ ರಸ್ತೆ ನಗರದ ಆರ್ಕೆಸ್ಟ್ರಾ. ಅಲ್ಲಿ ನಾನು ಬದಲಿ. ಸೆಲ್ಲೊ ಸಾಲಿನಲ್ಲಿ ಯಾರಿಗೆ ಜ್ವರ ಬಂದರೂ, ಬೆನ್ನು ಹಿಡಿದುಕೊಂಡರೂ, ಹೆರಿಗೆಯಾದರೂ ನನಗೆ ಫೋನು ಬರುತ್ತಿತ್ತು. ಅವರ ಮನೆಯಲ್ಲಿ ಥರ್ಮಾಮೀಟರು ಏರಿದ ದಿನ ನಮ್ಮ ಮನೆಯಲ್ಲಿ ಒಲೆ ಜೋರಾಗಿ ಉರಿಯುತ್ತಿತ್ತು. ನನ್ನ ಓರಗೆಯವರೆಲ್ಲ ಖಾಯಂ ಆದರು, ಕೆಲವರು ಮುಂದಿನ ಸಾಲಿಗೂ ಹೋದರು. ನಾನು ಮಾತ್ರ ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ.

ಬದಲಿಯವರ ಕಷ್ಟ ಏನೆಂದರೆ ಕುರ್ಚಿ. ಸೆಲ್ಲೊಗಾರರಿಗೆ ಕುರ್ಚಿ ಎಂದರೆ ಚಪ್ಪಲಿ ಇದ್ದ ಹಾಗೆ, ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ಒಬ್ಬರು ಎತ್ತರದಲ್ಲಿ ಕೂರುತ್ತಾರೆ, ಒಬ್ಬರು ತಗ್ಗಿನಲ್ಲಿ, ಇನ್ನೊಬ್ಬರು ಹಿಂಗಾಲುಗಳ ಕೆಳಗೆ ಮರದ ತುಂಡಿಟ್ಟು ಮುಂದಕ್ಕೆ ವಾಲಿಸುತ್ತಾರೆ. ಬದಲಿಗೆ ಬಂದವರು ಅದನ್ನು ಮುಟ್ಟುವಂತಿಲ್ಲ. ಜ್ವರ ಬಿಟ್ಟು ಮರಳಿ ಬಂದವರಿಗೆ ಅವರ ಕುರ್ಚಿ ಇದ್ದ ಹಾಗೇ ಸಿಗಬೇಕು, ಎಲ್ಲಿಯೂ ಬರೆದಿಲ್ಲದಿದ್ದರೂ ಇದು ನಮ್ಮ ಕಸುಬಿನ ಕಾನೂನು. ಹಾಗಾಗಿ ಒಂದು ವಾರ ಕಾಲು ನೆಲಕ್ಕೆ ಎಟುಕದೆ, ಇನ್ನೊಂದು ವಾರ ಮೊಣಕಾಲು ಎದೆಗೆ ತಾಗುವಂತೆ ಕೂತು ನುಡಿಸಿದ್ದೇನೆ. ಗೊಣಗುವಂತಿಲ್ಲ. ಕುಣಿಯಲು ಬಾರದವಳು ನೆಲ ಡೊಂಕು ಎಂದಳು ಎನ್ನಲು ಹಿಂದಿನ ಸಾಲಿನವರು ಕಾದೇ ಇರುತ್ತಾರೆ.

ಹೆಚ್ಚಾಗಿ ನಾನು ಕೂರುತ್ತಿದ್ದದ್ದು ಮೇಷ್ಟ್ರ ಪಕ್ಕ. ಅವರು ಮೇಷ್ಟ್ರೇನಲ್ಲ, ಎರಡನೇ ಸಾಲಿನ ಹಿರಿಯ ಸೆಲ್ಲೊಗಾರರು. ತಪ್ಪು ಸ್ವರ ಕೇಳಿದರೆ ಕನ್ನಡಕದ ಮೇಲಿಂದ ನೋಡುವ ಕ್ರಮಕ್ಕೆ ಆ ಹೆಸರು ಬಂದಿತ್ತು. ಕಡ್ಡಿ ಮುರಿದಂತೆ ಮಾತು. ಅವರ ಬೂಟು ಮಾತ್ರ ಮಾತುಗಾರ, ಹೆಜ್ಜೆಗೊಮ್ಮೆ ಕೀಚ್ ಎನ್ನುತ್ತಿತ್ತು. ಆರ್ಕೆಸ್ಟ್ರಾದಲ್ಲಿ ಇಬ್ಬರಿಗೆ ಒಂದೇ ಸ್ಟ್ಯಾಂಡು, ಒಂದೇ ಪುಸ್ತಕ. ಮೇಷ್ಟ್ರ ಪಕ್ಕದವರಿಗೆ ಬೆನ್ನುನೋವು ಮಾಮೂಲಿ. ಆದ್ದರಿಂದ ವರ್ಷಗಟ್ಟಲೆ ಪುಟ ಮಗುಚಿದವಳು ನಾನು. ಹೋದ ವರ್ಷ ಆ ಬೆನ್ನುನೋವಿನವರು ಕೆಲಸ ಬಿಟ್ಟರು. ಕುರ್ಚಿ ಖಾಲಿಯಾಯಿತು. ಆಡಿಷನ್ ಎಂದು ಪ್ರಕಟಣೆ ಬಂತು.

ನನಗೆ ಆ ಕುರ್ಚಿ ಬೇಕಿತ್ತು. ಸುತ್ತಿ ಬಳಸಿ ಹೇಳುವುದೇನಿದೆ, ಹೊಟ್ಟೆಯೊಳಗಿಂದ ಬೇಕಿತ್ತು. ಯಾರಿಗೋ ಹುಷಾರಿಲ್ಲ ಎಂದು ಕೇಳಿ ಮನಸ್ಸಿನಲ್ಲೇ ಖುಷಿಪಡುವ ಬದುಕು ಸಾಕಾಗಿತ್ತು. ವಯಸ್ಸೂ ನಲವತ್ತು ದಾಟಿ ಕುಳಿತಿತ್ತು. ಇಂಥ ಕುರ್ಚಿ ಖಾಲಿಯಾಗುವುದು ಅಪರೂಪ, ಇನ್ನೊಂದು ಖಾಲಿಯಾಗುವ ಹೊತ್ತಿಗೆ ನನ್ನ ಬೆನ್ನೇ ರಾಜೀನಾಮೆ ಕೊಟ್ಟಿರುತ್ತಿತ್ತು.

ಆಡಿಷನ್ನಿನ ಪದ್ಧತಿ ಹೀಗೆ: ತೀರ್ಪುಗಾರರಿಗೂ ನುಡಿಸುವವರಿಗೂ ನಡುವೆ ದಪ್ಪ ಪರದೆ. ಹೆಸರಿಲ್ಲ, ನಂಬರು. ನುಡಿಸುವವರು ಚಪ್ಪಲಿ ಬೂಟು ಬಾಗಿಲಲ್ಲೇ ಬಿಡಬೇಕು, ಹೆಜ್ಜೆಯ ಸದ್ದಿನಿಂದ ಗಂಡೋ ಹೆಣ್ಣೋ ತಿಳಿಯಬಾರದು. ಮಾತಾಡುವಂತಿಲ್ಲ. ಅಭ್ಯರ್ಥಿ ತಾನೇ ಗುರುತು ಕೊಟ್ಟರೆ ಅಲ್ಲಿಗೇ ಮುಕ್ತಾಯ. ಹಿಂದೆ ಒಬ್ಬ ಕಮಾನು ಕೈತಪ್ಪಿ ಬಿದ್ದಾಗ "ಅಯ್ಯೋ" ಎಂದದ್ದಕ್ಕೇ ಮನೆಗೆ ಹೋಗಿದ್ದ. ಇನ್ನು ತೀರ್ಪುಗಾರರಿಗೆ ಯಾರದಾದರೂ ಗುರುತು ಹತ್ತಿದರೆ ಅವರು ಎದ್ದು ಹೊರಗೆ ಹೋಗಬೇಕು, ಅವರ ಮತ ಲೆಕ್ಕಕ್ಕಿಲ್ಲ. ತೀರ್ಪುಗಾರರಲ್ಲಿ ಮೇಷ್ಟ್ರೂ ಒಬ್ಬರು. ನನ್ನನ್ನು ಬಲ್ಲವರು ಒಬ್ಬರಾದರೂ ಇದ್ದಾರಲ್ಲ, ನುಡಿಸಿದ್ದು ಯಾರೆಂದು ತಿಳಿಯದಿದ್ದರೂ ನನ್ನ ಕೈಯ ರುಚಿ ಅವರಿಗೆ ಹಿಡಿಸಬಹುದು ಎಂದು ನಾನು ಧೈರ್ಯ ತಂದುಕೊಂಡೆ.

ಆ ಧೈರ್ಯಕ್ಕೆ ತಣ್ಣೀರೆರಚಿದವನು ಸೌಂಡು ಎಂದು ನಾವು ಕರೆಯುವ ಹುಡುಗ. ಜಾಹೀರಾತುಗಳಿಗೆ ನಾನು ನುಡಿಸುವ ಸ್ಟುಡಿಯೋದಲ್ಲಿ ಧ್ವನಿ ಮುದ್ರಿಸುವವನು, ನನಗಿಂತ ಚಿಕ್ಕವನು.

"ಅಕ್ಕಾ, ಪರದೆ ಹಾಕಿ ಏನು ಪ್ರಯೋಜನ? ನಿಮ್ಮ ಮೂಗೇ ನಿಮ್ಮನ್ನ ಹಿಡ್ಕೊಡತ್ತೆ" ಎಂದ.

"ನನ್ನ ಮೂಗಿಗೇನಾಗಿದೆ?"

ಅವನು ಒಂದು ಗುಂಡಿ ಒತ್ತಿದ. ಸ್ಪೀಕರಿನಿಂದ ಸ್‌ಸ್‌ಫ್ ಎಂದು ಬಂತು. ಮತ್ತೊಮ್ಮೆ ಬಂತು. ಬರುತ್ತಲೇ ಇತ್ತು. ಇಷ್ಟು ವರ್ಷ ನನ್ನ ಮುದ್ರಣಗಳಿಂದ ಕತ್ತರಿಸಿ ತೆಗೆದ ಉಸಿರುಗಳನ್ನೆಲ್ಲ ಆ ಪುಣ್ಯಾತ್ಮ ಎಸೆಯದೆ ಒಂದಕ್ಕೊಂದು ಜೋಡಿಸಿ ಇಟ್ಟಿದ್ದ. ಯಾರೋ ನೆಗಡಿಯಾದ ಆನೆಯನ್ನು ಮಲಗಿಸುತ್ತಿದ್ದಾರೆ ಎನ್ನಬೇಕು.

"ನಿಮ್ಮ ಹುಟ್ಟುಹಬ್ಬಕ್ಕೆ ಕೊಡೋಣ ಅಂತಿದ್ದೆ" ಎಂದ.

ಅವನ ತಲೆಗೊಂದು ಮೊಟಕಿದೆ. ಆದರೆ ಅವನ ಮಾತು ಸುಳ್ಳಲ್ಲ. ತಂತಿಯ ವಾದ್ಯದವರು ಸಾಲು ಎತ್ತಿಕೊಳ್ಳುವ ಮುಂಚೆ ಉಸಿರೆಳೆಯುವುದು ವಾಡಿಕೆ. ವೇದಿಕೆಯ ಮೇಲೆ ಒಂದು ಎರಡು ಮೂರು ಎಂದು ಎಣಿಸುವಂತಿಲ್ಲವಲ್ಲ, ಪಕ್ಕದವರ ಉಸಿರು ಕೇಳಿ ಜೊತೆಯಲ್ಲೇ ಕಮಾನು ಇಳಿಸುತ್ತೇವೆ. ಬೇರೆಯವರು ಹದವಾಗಿ ಎಳೆಯುತ್ತಾರೆ. ನನ್ನದು ಮಾತ್ರ ಬಾವಿಯಿಂದ ನೀರು ಸೇದಿದ ಹಾಗೆ. ಅದನ್ನು ಪಕ್ಕದಲ್ಲೇ ಕೂತು ವರ್ಷಗಟ್ಟಲೆ ಕೇಳಿದವರು ಜಗತ್ತಿನಲ್ಲಿ ಒಬ್ಬರೇ, ಮೇಷ್ಟ್ರು. ನಾನು ಒಂದು ಉಸಿರೆಳೆದರೆ ಸಾಕು, ನನಗಿದ್ದ ಒಂದೇ ಒಂದು ಭರವಸೆ ಎದ್ದು ಹೊರಗೆ ಹೋಗುತ್ತದೆ. ಅಥವಾ ಅದನ್ನೇ ಗುರುತು ಕೊಟ್ಟಂತೆ ಎಂದು ನನ್ನನ್ನೇ ಕಳಿಸುತ್ತಾರೆ.

ಮನೆಯಲ್ಲಿ ವಿಷಯ ಹೇಳಿದೆ. ಹೇಳಬಾರದಿತ್ತು. ನಮ್ಮ ಮನೆಯವರಿಗೆ ಕೆಲಸ ಸಿಕ್ಕಿಬಿಟ್ಟಿತು.

ನಮ್ಮವರು ಈಜು ಕಲಿಸುವವರು. "ನೀರಲ್ಲಿ ಯಾರಾದ್ರೂ ಮೂಗಲ್ಲಿ ಉಸಿರು ಎಳ್ಕೊಂತಾರಾ? ಬಾಯಿ ಅರ್ಧ ತೆಗಿ. ತಲೆ ಪಕ್ಕಕ್ಕೆ ತಿರುಗ್ಸು. ಸದ್ದಿಲ್ದೆ ಕುಡಿ" ಎಂದು, ಊಟದ ಕೋಣೆಯಲ್ಲೇ ಕೈ ಬೀಸಿ ಈಜಿ ತೋರಿಸಿದರು. ಮಗಳು ಮೂಗಿಗೆ ಹತ್ತಿ ತಂದಳು. ಅತ್ತೆ ಒಂದು ಸ್ಟೀಲ್ ತಟ್ಟೆ, ಒಂದು ಚಮಚ ಹಿಡಿದು ಪಕ್ಕದ ಕೋಣೆಯ ಬಾಗಿಲ ಪರದೆ ಎಳೆದು ಕೂತರು.

"ನಾನೇ ಜಡ್ಜು. ಉಸಿರು ಕೇಳಿಸ್ತೋ, ಟಣ್" ಎಂದರು.

ನಾನು ಶುರು ಮಾಡಿದೆ. ಟಣ್. ಮತ್ತೆ ಶುರು ಮಾಡಿದೆ. ಟಣ್. ಮೊದಲ ದಿನ ಸೆಲ್ಲೊಗಿಂತ ತಟ್ಟೆಯೇ ಹೆಚ್ಚು ನುಡಿಯಿತು. ಪಕ್ಕದ ಮನೆಯವರು ಬಂದು, ಹೊಸ ತಾಳವಾದ್ಯ ಏನಾದರೂ ತಂದಿದ್ದೀರಾ ಎಂದು ವಿಚಾರಿಸಿಕೊಂಡು ಹೋದರು. ಅತ್ತೆಗೆ ಇಷ್ಟು ಆನಂದ ಆದದ್ದನ್ನು ನಾನು ಈ ಮನೆಗೆ ಬಂದ ಮೇಲೆ ನೋಡಿರಲಿಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. "ನೀವು ಬೇಕಂತಲೇ ಹೊಡೀತೀರಾ" ಎಂದು ಎರಡು ಸಲ ಕಮಾನು ಕೆಳಗಿಟ್ಟು ಎದ್ದೆ. "ನೀನು ಬೇಕಂತಲೇ ಉಸಿರಾಡ್ತೀಯಾ?" ಎಂದರು ಪರದೆಯ ಹಿಂದಿನಿಂದ. ಮತ್ತೆ ಕೂತು ಕಮಾನು ಎತ್ತಿಕೊಂಡೆ.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಹೋಯಿತು. ವಾರಗಳು ಕಳೆದಂತೆ ಟಣ್ ಕಡಿಮೆಯಾಗುತ್ತ ಬಂತು, ಕೊನೆಗೊಂದು ಸಂಜೆ ಇಡೀ ಭಾಗ ತಟ್ಟೆಯ ಸದ್ದೇ ಇಲ್ಲದೆ ಮುಗಿಯಿತು. ನಾನು ಮೀನಿನ ಹಾಗೆ ಬಾಯಿ ತೆರೆದು ಕೂತು ಕಾದೆ.

"ಏನತ್ತೆ, ಗೆದ್ನಲ್ಲ?"

ಪರದೆ ಸರಿಸಿ ಹೊರಗೆ ಬಂದರು. ಮುಖ ಸಪ್ಪಗಿತ್ತು. "ಉಸಿರೇನೋ ಕೇಳ್ಸಲ್ಲಮ್ಮ ಈಗ. ಆದ್ರೆ ಇದನ್ನ ಕೇಳ್ತಾ ನಂಗೇ ಉಸಿರು ಕಟ್ಟತ್ತೆ" ಎಂದು ಹೇಳಿ, ತಟ್ಟೆ ತೊಳೆಯಲು ಹೋದರು.

ಸಂಗೀತದ ಗಂಧಗಾಳಿ ಇಲ್ಲವೆಂದು ನಾನು ತಿಳಿದಿದ್ದ ಅತ್ತೆಯ ಮಾತು ಅದು. ಆ ರಾತ್ರಿ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಇನ್ನು ಬದಲಾಯಿಸಲು ಸಮಯವಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಮಾಡಿಕೊಳ್ಳಬೇಡ, ಕಲಿತದ್ದನ್ನು ಬಿಡಬೇಡ ಎಂದು ನನಗೆ ನಾನೇ ಹೇಳಿಕೊಂಡು ಹೋದೆ.

ಆಡಿಷನ್ನಿನ ದಿನ ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಬಟ್ಟಲಿನಿಂದ ನಂಬರಿನ ಚೀಟಿ ಎತ್ತಿದೆ. ಕಚೇರಿಯ ಹೆಂಗಸೊಬ್ಬರು, ನಮ್ಮ ಪರವಾಗಿ ಮಾತಾಡಲು ನೇಮಿಸಿದವರು, ಕಾರ್ಪೆಟ್ಟಿನ ಮೇಲೆ ಮೆಲ್ಲಗೆ ಕರೆದುಕೊಂಡು ಹೋಗಿ ವೇದಿಕೆಯ ಮೇಲೆ ಕೂರಿಸಿದರು. ಎದುರಿಗೆ ಬೂದುಬಣ್ಣದ ಪರದೆ, ಅದರಾಚೆ ಪೆನ್ನು ಪೇಪರಿನ ಸದ್ದು. ಮೊದಲ ಸುತ್ತು ಈಜುಗಾರ್ತಿಯ ಹಾಗೆ ನುಡಿಸಿದೆ. ಒಂದೂ ತಪ್ಪಿಲ್ಲ, ಒಂದೂ ಉಸಿರಿಲ್ಲ. ಮಧ್ಯಾಹ್ನ ಕೊನೆಯ ಸುತ್ತಿಗೆ ಉಳಿದವರು ಮೂವರು. ನನ್ನ ನಂಬರು ಕೂಗಿದರು, ಮೂರನೆಯದಾಗಿ, ಸ್ವಲ್ಪ ತಡೆದು. ಆ ತಡೆದದ್ದು ಯಾಕೆಂದು ನನಗೆ ಗೊತ್ತಿತ್ತು. ತಪ್ಪು ಹುಡುಕಲು ಆಗದವರನ್ನು ಹೀಗೆ ಒಲ್ಲದ ಮನಸ್ಸಿನಿಂದ ಒಳಗೆ ಬಿಡುತ್ತಾರೆ.

ಕೊನೆಯ ಸುತ್ತಿನ ಕೊನೆಯದು ನಿಧಾನದ ಭಾಗ. ಸೆಲ್ಲೊ ಒಂದೇ ಶುರುವಾಗುತ್ತದೆ, ಉಳಿದವರೆಲ್ಲ ಅದರ ಹಿಂದೆ ಬರಬೇಕು. ಕಮಾನು ತಂತಿಯ ಮೇಲಿಟ್ಟೆ. ಬಾಯಿ ಅರ್ಧ ತೆರೆದೆ. ತಲೆ ಪಕ್ಕಕ್ಕೆ ತಿರುಗಿಸಿದೆ. ಆಗ ಇದ್ದಕ್ಕಿದ್ದಂತೆ ಅತ್ತೆಯ ಸಪ್ಪೆ ಮುಖ ಕಣ್ಣ ಮುಂದೆ ಬಂತು. ಇಷ್ಟು ವರ್ಷ ಬೇರೆಯವರ ಕುರ್ಚಿಯಲ್ಲಿ ಕೂತದ್ದಾಯಿತು, ಈಗ ಬೇರೆಯವರ ಉಸಿರಲ್ಲೂ ನುಡಿಸಬೇಕೇ ಎನ್ನಿಸಿತು. ಬಾಯಿ ಮುಚ್ಚಿದೆ. ಮೂಗು ತನ್ನ ಕೆಲಸ ತಾನು ಮಾಡಿತು. ಸ್‌ಸ್‌ಫ್.

ಖಾಲಿ ಹಾಲಿನಲ್ಲಿ ಅದು ಎಷ್ಟು ದೊಡ್ಡದಾಗಿ ಕೇಳಿಸಿತೆಂದರೆ ನಾನೇ ಬೆಚ್ಚಿದೆ. ಆದರೆ ಅದಕ್ಕಿಂತ ಬೆಚ್ಚಿಸಿದ್ದು ಇನ್ನೊಂದು. ನನ್ನ ಉಸಿರಿನ ಜೊತೆಗೇ, ಕೂದಲೆಳೆಯಷ್ಟೂ ಹಿಂದುಮುಂದಿಲ್ಲದೆ, ಪರದೆಯ ಆಚೆಯಿಂದ ಮತ್ತೊಂದು ಉಸಿರು ಎದ್ದಿತು. ಮೇಷ್ಟ್ರು. ಕೈಯಲ್ಲಿ ಕಮಾನಿಲ್ಲ, ಮುಂದೆ ಸ್ಟ್ಯಾಂಡಿಲ್ಲ, ತೀರ್ಪು ಕೊಡಲು ಕೂತ ಮನುಷ್ಯ ಪಕ್ಕದ ಕುರ್ಚಿಯಲ್ಲಿ ಇದ್ದೇನೆ ಎಂದುಕೊಂಡು ನನ್ನ ಜೊತೆ ಸಾಲು ಎತ್ತಿಕೊಳ್ಳಲು ಹೊರಟುಬಿಟ್ಟಿದ್ದರು.

ಆಮೇಲೆ ಕುರ್ಚಿ ಸರಿದ ಸದ್ದು. ಕೀಚ್. ಕೀಚ್. ಕೀಚ್. ಬೂಟು ಹಾಲಿನ ಉದ್ದಕ್ಕೂ ನಡೆದು ಹೋಯಿತು, ಬಾಗಿಲು ತೆರೆದು ಮುಚ್ಚಿಕೊಂಡಿತು. ನನ್ನ ಒಂದೇ ಭರವಸೆ ಎದ್ದು ಹೊರಗೆ ಹೋಯಿತು.

ಕಚೇರಿಯ ಹೆಂಗಸು ಪರದೆಯ ಅಂಚಿಗೆ ಹೋಗಿ ಪಿಸುಗುಟ್ಟಿದರು. ಆಚೆ ಗುಸುಗುಸು. ನನ್ನನ್ನು ಕಳಿಸುತ್ತಾರೆ ಎಂದು ಸೆಲ್ಲೊದ ಕುತ್ತಿಗೆ ಹಿಡಿದು ಕೂತೆ. ಕೋಲು ಬೀಸಿ ಆರ್ಕೆಸ್ಟ್ರಾ ನಡೆಸುವ ಯಜಮಾನರು, ಆ ವರ್ಷವಷ್ಟೇ ಬಂದವರು, ಬೇಸರದ ದನಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಮಾತಾಡ್ಬಾರ್ದು ಅಂತ ನಿಯಮ ಇದೆ. ಉಸಿರಾಡ್ಬಾರ್ದು ಅಂತ ಎಲ್ಲಿದೆ? ಮುಂದುವರಿಸೋಕೆ ಹೇಳಿ."

ಮುಂದುವರಿಸಿದೆ. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ, ಮೆಚ್ಚಿಸುವುದಕ್ಕೆ ಬಲ್ಲವರೂ ಇರಲಿಲ್ಲ. ಬಾವಿಯಿಂದ ಸೇದಿದ ಹಾಗೆ ಉಸಿರೆಳೆದು ನುಡಿಸಿದೆ. ಸಾವಿನ ಮನೆಯಲ್ಲಿ ನುಡಿಸಿದ ಹಾಗೆ ನುಡಿಸಿದೆ, ಹಡಗಿನಲ್ಲಿ ನುಡಿಸಿದ ಹಾಗೆ, ಕಾಗದ ತಿಂದ ಆ ಹಸುವಿಗೆ ನುಡಿಸಿದ ಹಾಗೆ. ಮುಗಿದಾಗ ನನ್ನ ಬೆನ್ನು ಒದ್ದೆಯಾಗಿತ್ತು, ಮನಸ್ಸು ಹಗುರವಾಗಿತ್ತು.

ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಮೇಷ್ಟ್ರು ಕೂತಿದ್ದರು. ನಾನು ಬರಿಗಾಲಲ್ಲಿ ಹೋಗಿ ಎದುರು ನಿಂತೆ.

"ಸುಮ್ನೆ ಕೂತಿರಬಹುದಿತ್ತಲ್ಲ ಮೇಷ್ಟ್ರೇ. ನಿಮಗೆ ಗುರುತು ಹತ್ತಿದ್ದು ಯಾರಿಗೆ ಗೊತ್ತಾಗ್ತಿತ್ತು?"

ಅವರು ಕನ್ನಡಕದ ಮೇಲಿಂದ ನೋಡಿದರು. "ನನಗೆ ಗೊತ್ತಾಗ್ತಿತ್ತು. ನಿನಗೂ ಗೊತ್ತಾಗ್ತಿತ್ತು. ನಾಳೆ ನನ್ನ ಪಕ್ಕ ಕೂತಾಗೆಲ್ಲ, ಈ ಮುದುಕನ ದಯೆಯಿಂದ ಕೂತಿದೀನಿ ಅನ್ನಿಸೋದು ಬೇಡಮ್ಮಾ."

ಪಕ್ಕದಲ್ಲಿ ಕೂತೆ. ಬಾಗಿಲು ತೆರೆಯಿತು. ಕಚೇರಿಯ ಹೆಂಗಸು ಬಂದು ನನ್ನ ನಂಬರು ಹೇಳಿ, "ಎಲ್ರೂ ಒಪ್ಪಿದಾರೆ. ನಿಮ್ಮ ಹೆಸರೇನು ಅಂತ ಕೇಳ್ತಿದಾರೆ" ಎಂದರು. ನಾನು ಕಣ್ಣೊರೆಸಿಕೊಂಡು ಹೆಸರು ಹೇಳಿದೆ.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ತಡೆದರು. "ಉಸಿರಾಡಿದೆ ತಾನೆ ನೀನು?"

"ಆಡಿದೆ ಅತ್ತೆ. ಜೋರಾಗಿ."

"ಹಾಗಾದ್ರೆ ಸಿಕ್ಕಿರತ್ತೆ" ಎಂದು ಹೇಳಿ, ದೊಡ್ಡಪ್ಪನ ಪೆಟ್ಟಿಗೆಗೆ ತಾವೇ ಕೈ ಕೊಟ್ಟು ಒಳಗೆ ತಂದರು. ಹಿಂದೆ ಎಂದೂ ಮುಟ್ಟಿದವರಲ್ಲ. ಇಷ್ಟು ಭಾರ ಇರುತ್ತದೆಂದು ಮೊದಲೇ ಹೇಳಬಾರದಿತ್ತೇ ಎಂದು ನನ್ನನ್ನು ಬೈದರು.

ಹೊಸ ಕೆಲಸದ ಮೊದಲ ಬೆಳಿಗ್ಗೆ ಅಭ್ಯಾಸಕ್ಕೆ ಹೋದೆ. ಎಲ್ಲರೂ ತಂತಿ ಸರಿಮಾಡಿಕೊಳ್ಳುತ್ತಿದ್ದರು. ಎರಡನೇ ಸಾಲಿನಲ್ಲಿ, ಮೇಷ್ಟ್ರ ಪಕ್ಕದಲ್ಲಿ, ಹೊಸ ಕುರ್ಚಿ. ವೇದಿಕೆ ಜೋಡಿಸುವವರು, ನರೆತ ಮೀಸೆಯ ಮನುಷ್ಯ, ಕೈಯಲ್ಲಿ ಸ್ಪ್ಯಾನರು ಹಿಡಿದು ಕುರ್ಚಿಯ ಪಕ್ಕ ಮಂಡಿಯೂರಿದ್ದರು.

"ಹೇಳಿ ಮೇಡಂ, ಎಷ್ಟು ಎತ್ತರ ಇಡ್ಲಿ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ಅವರ ಎತ್ತರ ಗೊತ್ತು, ಇವರ ಎತ್ತರ ಗೊತ್ತು, ಬೆನ್ನುನೋವಿನವರ ಮರದ ತುಂಡೂ ಗೊತ್ತು. ಮನೆಯಲ್ಲಿ ಊಟದ ಕುರ್ಚಿ, ಅದನ್ನೂ ಆರಿಸಿದವರು ಅತ್ತೆ.

"ನನಗೆ ಗೊತ್ತಿಲ್ಲ" ಎಂದೆ.

ಆತ ನಗಲಿಲ್ಲ. "ಕೂತ್ಕೊಳ್ಳಿ. ನೋಡೋಣ" ಎಂದರು. ಎತ್ತರಿಸಿದರು, ಹಿಮ್ಮಡಿ ನೆಲ ಬಿಟ್ಟಿತು. ಇಳಿಸಿದರು, ಮೊಣಕಾಲು ಮೇಲೆ ಬಂತು. ಮತ್ತೆ ಏರಿಸಿದರು. ಸುತ್ತಲಿನವರು ಶ್ರುತಿ ಮುಗಿಸಿ ನೋಡತೊಡಗಿದರು. ಯಜಮಾನರು ಕೋಲು ಹಿಡಿದು ಕಾಯುತ್ತಿದ್ದರು. ನನಗೆ ನಾಚಿಕೆಯಾಗಿ, "ಇರ್ಲಿ ಬಿಡಿ, ಹೇಗಿದ್ರೂ ನಡಿಯತ್ತೆ" ಎಂದೆ.

"ಅವಸರ ಇಲ್ಲ" ಎಂದರು ಮೇಷ್ಟ್ರು, ಪುಸ್ತಕದಿಂದ ಕಣ್ಣೆತ್ತದೆ.

ಸ್ಪ್ಯಾನರು ಇನ್ನೊಂದು ಸುತ್ತು ತಿರುಗಿತು, ಆಮೇಲೆ ಅರ್ಧ ಸುತ್ತು. ಪಾದಗಳು ಪೂರ್ತಿ ನೆಲಕ್ಕೆ ಕೂತವು. ಬೆನ್ನು ತಾನಾಗಿ ನೆಟ್ಟಗಾಯಿತು. ಸೆಲ್ಲೊ ಎದೆಗೆ ಒರಗಿತು. ನನಗೆ ತಿಳಿಯದೆಯೇ ಉಸಿರು ಒಳಗೆ ಬಂತು, ಸ್‌ಸ್‌ಫ್ ಎಂದು, ಹಿಂದಿನ ಸಾಲಿನವರೆಗೂ ಕೇಳುವಷ್ಟು.

"ಅಲ್ಲೇ ನಿಲ್ಸಿ" ಎಂದರು ಮೇಷ್ಟ್ರು ಸ್ಪ್ಯಾನರಿನವರಿಗೆ. "ಅದೇ ಇವರ ಎತ್ತರ."